ಕಣಗಿಲೆ ಹೂ ಬಿದ್ದ ಕಡೆ

ಬನಶಂಕರಿ ತಾಯಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ನನ್ನ ಮಗಳು ಗಿರಿಜಾ ಠಾಣೆ ಊರಿನ ರೈಲು ಸ್ಟೇಷನ್ನಿನಲ್ಲಿ ತಲೆ ಸುತ್ತಿ ಬಿದ್ದ ದಿನ ನಾನು ಮನೆಯಲ್ಲಿ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತಾ ಕೂತಿದ್ದೆ. 1986ರ ನವೆಂಬರ್ ತಿಂಗಳು, ದೀಪಾವಳಿ ಮುಗಿದು ಹದಿನೈದು ದಿನ ಆಗಿತ್ತು. ಅವಳ ಕ್ಲಾಸಿನ ಇಬ್ಬರು ಹುಡುಗಿಯರು ಅವಳನ್ನು ಲೋಕಲ್ ರೈಲಿನಲ್ಲಿ ಕೂಡಿಸಿಕೊಂಡು ಡೊಂಬಿವಲಿಗೆ ತಂದು, ರಿಕ್ಷಾ ಮಾಡಿ ಸಾಲುಮನೆಗಳ ನಮ್ಮ ಚಾಳಿನ ಮುಂದೆ ಇಳಿಸಿದರು. "ಕಾಕೂ, ಇಸ್ನೆ ಸುಬಹ ಸೇ ಕುಛ್ ನಹೀ ಖಾಯಾ" ಎಂದಳು ಒಬ್ಬಳು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು. ಅವಳ ಚೀಲದಿಂದ ಡಬ್ಬಿ ತೆಗೆದು ನೋಡಿದೆ. ಬೆಳಿಗ್ಗೆ ನಾನು ಮಡಚಿ ಇಟ್ಟ ರೊಟ್ಟಿ ಇಟ್ಟ ಹಾಗೆಯೇ ಇತ್ತು. ಅದರ ಕೆಳಗೆ ಹಿಂದಿನ ದಿನದ ರೊಟ್ಟಿಯೂ ಇತ್ತು.

ಆಗ ಅವಳಿಗೆ ಹದಿನೆಂಟು. ಕೈಯಲ್ಲಿದ್ದ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಹೊಲಿಗೆಯವಳಾದ ನಾನು ಊರವರ ಅಳತೆಯನ್ನೆಲ್ಲ ಕಣ್ಣಲ್ಲೇ ಹೇಳಬಲ್ಲೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಕಣ್ಣೆದುರಿಗೇ ಅರ್ಧ ಆಗಿದ್ದನ್ನು ಮಾತ್ರ ನೋಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ತಾಯಿಯ ಕೃಪೆಯನ್ನು ಹೇಳಬೇಕಾದರೆ ನನ್ನ ತಪ್ಪನ್ನು ಮೊದಲು ಹೇಳಬೇಕು.

ನಮ್ಮದು ರಬಕವಿ ಕಡೆಯ ಮಗ್ಗದ ಮನೆತನ. ನಮ್ಮವರು ಡೊಂಬಿವಲಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾದ ವರ್ಷವೇ ನನ್ನನ್ನೂ ಕರೆತಂದರು. ನಾನು ಉಲ್ಹಾಸನಗರದ ಒಬ್ಬ ವ್ಯಾಪಾರಿಗೆ ರೆಡಿಮೇಡ್ ಬ್ಲೌಸು ಹೊಲಿದು ಕೊಡುತ್ತಿದ್ದೆ. ಪ್ರತಿ ಬುಧವಾರ ಗಂಟು ಹೊತ್ತು ಲೋಕಲ್ಲಿನಲ್ಲಿ ಹೋಗುವುದು, ಮಾಲು ಕೊಟ್ಟು ಹೊಸ ಬಟ್ಟೆ ತರುವುದು. ಅಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂತಿರುತ್ತಿದ್ದಳು. ಒಂದೊಂದೇ ಬ್ಲೌಸು ಎತ್ತಿ ನೋಡಿ "ಚಲೇಗಾ", "ನಹೀ ಚಲೇಗಾ" ಎನ್ನುತ್ತಾ ಎರಡು ರಾಶಿ ಮಾಡುತ್ತಿದ್ದಳು. ಯಾವ ಬಣ್ಣ ಓಡುತ್ತದೆ, ಯಾವ ಕುತ್ತಿಗೆ ಈ ಸಲ ಬೇಡ, ಎಲ್ಲ ಅವಳೇ ಹೇಳುವವಳು. ಅವಳು ಸೂಜಿ ಹಿಡಿದದ್ದನ್ನು ನಾನೆಂದೂ ಕಾಣಲಿಲ್ಲ. ಹನ್ನೆರಡು ವರ್ಷ ನಾನು ಅವಳ ಮುಂದೆ ನಿಂತೇ ಇದ್ದೆ. ಒಂದು ದಿನವೂ ಕೂಡು ಎನ್ನಲಿಲ್ಲ.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ನನ್ನ ಮಗಳು ಅವಳ ಹಾಗೆ ಆಗಬೇಕು ಎಂಬ ಆಸೆ ಮಾತ್ರ ಹೊಟ್ಟೆಯಲ್ಲಿ ಬೇರು ಬಿಟ್ಟಿತ್ತು.

ಗಿರಿಜಾ ಹನ್ನೆರಡನೆಯದನ್ನು ಸೈನ್ಸಿನಲ್ಲಿ ಪಾಸು ಮಾಡಿದ ವರ್ಷವೇ ಠಾಣೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫ್ಯಾಷನ್ ಮರ್ಚಂಡೈಸಿಂಗ್ ಎಂಬ ಹೊಸ ಕೋರ್ಸು ಶುರುವಾಯಿತು. ಪಕ್ಕದ ಮನೆಯವರು ಪೇಪರಿನಲ್ಲಿ ಓದಿ ಹೇಳಿದರು. ಹಂಗಂದರ ಏನ ಎಂದು ಮಗಳನ್ನೇ ಕೇಳಿದೆ. "ಮುಂದಿನ ಹಂಗಾಮಿಗೆ ಯಾವ ಅರಿವಿ ನಡೀತೈತಿ, ಎಷ್ಟು ತರಸಬೇಕು, ಅಂಗಡ್ಯಾಗ ಹೆಂಗ ಇಡಬೇಕು, ಅದನ್ನ ಕಲಸ್ತಾರವಾ" ಎಂದಳು. ನನ್ನ ಕಣ್ಣೆದುರು ಆ ಕುರ್ಚಿ ಬಂದು ನಿಂತಿತು. ಅದರ ಮೇಲೆ ಗಿರಿಜಾ.

ಆದರೆ ಅವಳ ಬಯಾಲಜಿ ಪುಸ್ತಕದೊಳಗೆ ಬೇರೆಯೇ ಫಾರ್ಮು ಮಡಚಿಕೊಂಡು ಕೂತಿತ್ತು. ಪಶು ಆರೋಗ್ಯದ ಡಿಪ್ಲೊಮಾ, ಎರಡು ವರ್ಷ, ಪನವೇಲ ದಾಟಿದ ಮೇಲೆ ಕಾಲೇಜು, ಅಲ್ಲೇ ಹಾಸ್ಟೆಲ್ಲು. ನಮ್ಮ ಚಾಳಿನ ಹಿಂದೆ ಹಾಲು ಮಾರುವ ಒಬ್ಬ ಭಯ್ಯಾನ ತಬೇಲಾ, ಎಮ್ಮೆಗಳ ಕೊಟ್ಟಿಗೆ, ಇತ್ತು. ಹಾಲು ತರಲು ಕಳಿಸಿದರೆ ಗಿರಿಜಾ ಒಂದು ತಾಸು ಬಿಟ್ಟು ಕಾಲಿಗೆ ಸೆಗಣಿ ಮೆತ್ತಿಕೊಂಡು ಬರುತ್ತಿದ್ದಳು. ಯಾವ ಎಮ್ಮೆ ಮೆಲುಕು ಹಾಕುತ್ತಿಲ್ಲ, ಯಾವುದರ ಕೆಚ್ಚಲು ಬಿಸಿಯಾಗಿದೆ ಎಂದು ಭಯ್ಯಾನಿಗಿಂತ ಮೊದಲು ಇವಳಿಗೆ ತಿಳಿಯುತ್ತಿತ್ತು. ಕಲ್ಯಾಣದಿಂದ ಬರುತ್ತಿದ್ದ ದನದ ಡಾಕ್ಟರು ಇವಳನ್ನು ಕಂಡು ಆ ಕೋರ್ಸಿನ ವಿಷಯ ಹೇಳಿದ್ದರಂತೆ.

ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. "ನಾಕ ಮಂದ್ಯಾಗ ನನ್ನ ಮಗಳು ಏನ ಮಾಡ್ತಾಳಂತ ಹೇಳ್ಲಿ? ಎಮ್ಮಿ ಬಾಲ ಎತ್ತಿ ನೋಡ್ತಾಳಂತ ಹೇಳ್ಲಿ? ನಾಳೆ ಯಾರ ಮಾಡ್ಕೊಂತಾರ ನಿನ್ನ?"

"ಅವ್ವಾ, ಅವಕ್ಕ ಬಾಯಿಲ್ಲ. ಏನ ಆಗೈತಿ ಅಂತ ಹೇಳಾಕ ಬರೂದಿಲ್ಲ."

"ನನಗ ಬಾಯಿ ಐತಲ್ಲ, ನಾ ಹೇಳಾಕತ್ತೀನಿ, ಕೇಳು."

ಎರಡೂ ಕಡೆ ಫಾರ್ಮು ತುಂಬುವ ಕೊನೆಯ ವಾರ ಒಂದೇ. ಅಸಲು ಸರ್ಟಿಫಿಕೇಟು ಒಂದೇ ಕಡೆ ಕೊಡಬೇಕು. ನಮ್ಮವರು ಜಗಳಕ್ಕೆ ಬೇಸತ್ತು, "ತಾಯಿ ಮಕ್ಕಳು ಕಚ್ಚಾಡಬ್ಯಾಡ್ರಿ. ಆ ತಾಯೀನ ಕೇಳ್ರಿ. ಆಕಿ ಹೇಳಿದಂಗ ಆಗಲಿ" ಎಂದರು. ಅವರಿಗೆ ಯಾವ ತಂಟೆ ಬಂದರೂ ದೇವಿಯ ಮೇಲೆ ಹಾಕಿ ಡ್ಯೂಟಿಗೆ ಹೋಗಿಬಿಡುವ ರೂಢಿ.

ನಮ್ಮ ಮನೆಯಲ್ಲಿ ದೊಡ್ಡ ಮಾತಿಗೆ ಹೂ ಕೇಳುವ ಪದ್ಧತಿ ಅತ್ತೆಯವರ ಕಾಲದಿಂದ ಇದೆ. ಕಲಶದ ಮೇಲೆ ದೇವಿಯ ಹಿತ್ತಾಳೆ ಮುಖ ಇಟ್ಟು, ಎರಡು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಮುಖದ ಆಚೆಗೊಂದು ಈಚೆಗೊಂದು ಅಂಟಿಸಬೇಕು. ಮನಸ್ಸಿನ ಪ್ರಶ್ನೆ ಹೇಳಿ ಕೈಮುಗಿದು ಕೂಡಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಅತ್ತೆ ಇರುವತನಕ ಅವರೇ ಕೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದೇ ಮೊದಲ ಸಲ ನಾನು ಕೂತಿದ್ದೆ.

ಜೂನ್ ತಿಂಗಳ ಶುಕ್ರವಾರ ಬೆಳಿಗ್ಗೆ. ನಮ್ಮವರು ಕೆಲಸಕ್ಕೆ ಹೋಗಿದ್ದರು. ಗಿರಿಜಾ ನನ್ನ ಬೆನ್ನ ಹಿಂದೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. "ತಾಯೀ, ಮಗಳನ್ನು ಠಾಣೆಯ ಕಾಲೇಜಿಗೆ ಕಳಿಸಲೇನು?" ಎಂದು ಕೇಳಿದೆ. ಹೆಚ್ಚು ಹೊತ್ತು ಆಗಲಿಲ್ಲ. ನನ್ನ ಬಲಗೈ ಕಡೆಯ ಹೂ ಜಾರಿ ತಟ್ಟೆಯಲ್ಲಿ ಬಿತ್ತು. "ಬಲಗಡೆ ಪ್ರಸಾದ ಆತವಾ! ತಾಯಿನ ಹೂಂ ಅಂದಳು!" ಎಂದು ಎದ್ದು ಹೂವನ್ನು ಕಣ್ಣಿಗೆ ಒತ್ತಿಕೊಂಡೆ. ಗಿರಿಜಾ ತಟ್ಟೆಯನ್ನು ನೋಡಿದಳು, ದೇವಿಯ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಆತು" ಎಂದಷ್ಟೇ ಹೇಳಿ ಒಳಗೆ ಹೋದಳು. ಹಟಮಾರಿ ಹುಡುಗಿ ಒಂದೇ ಮಾತಿಗೆ ಒಪ್ಪಿದ್ದೂ ದೇವಿಯ ಮಹಿಮೆಯೇ ಎಂದುಕೊಂಡೆ.

ಠಾಣೆಗೆ ಹೋಗತೊಡಗಿದಳು. ಕೊಟ್ಟ ಕೆಲಸದಲ್ಲಿ ಒಂದೂ ಕುಂದು ಇಡಲಿಲ್ಲ. ಬಟ್ಟೆಯ ಚೂರುಗಳನ್ನು ಪುಸ್ತಕಕ್ಕೆ ಅಂಟಿಸಿ ಪಕ್ಕದಲ್ಲಿ ನೂಲು ಯಾವುದು, ಒಗೆದರೆ ಬಣ್ಣ ಬಿಡುತ್ತದೆಯೋ, ಯಾವ ವಯಸ್ಸಿನವರು ಕೊಳ್ಳುತ್ತಾರೆ ಎಂದು ದುಂಡಗೆ ಬರೆಯುತ್ತಿದ್ದಳು. ನಾನು ಆ ಪುಸ್ತಕವನ್ನು ಚಾಳಿನವರಿಗೆಲ್ಲ ತೋರಿಸಿಕೊಂಡು ಬಂದೆ. ತಬೇಲಾದ ಕಡೆ ಹೋಗುವುದನ್ನು ಅವಳು ಬಿಟ್ಟಳು. ಹಾಲು ನಾನೇ ತರತೊಡಗಿದೆ. ಮಾತು ಬಿಟ್ಟಳು. ಅಭ್ಯಾಸ ಜಾಸ್ತಿ ಎಂದುಕೊಂಡೆ. ಊಟ ಬಿಟ್ಟದ್ದು ಮಾತ್ರ ನನಗೆ ತಿಳಿಯಲೇ ಇಲ್ಲ. ತಟ್ಟೆಯಲ್ಲಿ ಕಲಸುತ್ತಾ ಕೂತಿದ್ದು ನನ್ನ ಬೆನ್ನು ತಿರುಗಿದಾಗ ಡಬ್ಬಿಗೆ ತುಂಬುತ್ತಿದ್ದಳು. ಆಮೇಲೆ ಅದು ಸ್ಟೇಷನ್ನಿನ ನಾಯಿಗಳಿಗೆ ಹೋಗುತ್ತಿತ್ತು.

ಠಾಣೆಯಲ್ಲಿ ಬಿದ್ದ ಮರುದಿನ ಕಲ್ಯಾಣದ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ. ಬೆಳಿಗ್ಗೆ ಗಂಜಿ ಮಾಡಿಕೊಂಡು ಲೋಕಲ್ಲಿಗೆ ನುಗ್ಗಿ ಕಲ್ಯಾಣದಲ್ಲಿ ಇಳಿದು ಓಡುವುದು, ಅವಳ ಬಾಯಿಗೆ ಎರಡು ಚಮಚ ಹಾಕುವುದು, ಅವಳು ಅದನ್ನು ವಾಂತಿ ಮಾಡುವುದು. ರಕ್ತ ಪರೀಕ್ಷೆ ಮಾಡಿದರು, ಎದೆಯ ಫೋಟೋ ತೆಗೆದರು, ಹೊಟ್ಟೆ ಒತ್ತಿ ನೋಡಿದರು. ರಕ್ತ ಬಹಳ ಕಡಿಮೆ, ಬೇರೆ ರೋಗ ಏನೂ ಕಾಣುವುದಿಲ್ಲ, ಹೀಗೇ ಬಿಟ್ಟರೆ ಹುಡುಗಿ ಉಳಿಯುವುದು ಕಷ್ಟ ಎಂದರು. ಮರಾಠಿ ಡಾಕ್ಟರ್ ಬಾಯಿ ನನ್ನನ್ನು ಹೊರಗೆ ಕರೆದು "ತಿಲಾ ಕಾಯ್ ಹವಂಯ್ ತೇ ವಿಚಾರಾ" ಎಂದಳು. ಅವಳಿಗೇನು ಬೇಕೋ ಅದನ್ನು ಕೇಳಿ ಎಂದು.

ನನಗೆ ಸಿಟ್ಟು ಬಂತು. ದೇವಿಯೇ ಹೇಳಿ ಕಳಿಸಿದ ಮೇಲೆ ಮಗಳನ್ನು ಏನು ಕೇಳುವುದು? ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತು ತಾಯಿಯೊಡನೆಯೇ ಜಗಳಕ್ಕೆ ಬಿದ್ದೆ. "ನಿನ್ನ ಮಾತು ಕೇಳೇ ಕಳಿಸಿದೆನಲ್ಲ? ನೀನೇ ಹೂಂ ಅಂದೆಯಲ್ಲ? ಈಗ ಕಸಿದುಕೊಳ್ಳುತ್ತೀಯಾ? ಏನು ತಪ್ಪು ಮಾಡಿದೆ, ಹೇಳು. ನನಗೆ ತಿಳಿಯುವ ಹಾಗೆ ಹೇಳು." ಮಗಳು ತಾನಾಗಿ ಕೇಳಿ ಉಣ್ಣುವವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತೆ. ನಮ್ಮವರು ಬೆಂಚಿನ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಸಲೈನು ಹಾಕಿ, ರಕ್ತ ಕೊಟ್ಟು, ಗುಳಿಗೆ ಬರೆದು ಮನೆಗೆ ಕಳಿಸಿದರು. ಡಿಸೆಂಬರ್ ಪೂರ್ತಿ ಅವಳು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಎರಡು ತುತ್ತು ತಿಂದರೆ ಆ ದಿನ ಹಬ್ಬ. ನಾನು ಉಪ್ಪಿಲ್ಲದ್ದನ್ನು ತಿನ್ನುತ್ತಾ, ದೀಪದ ಮುಂದೆ ಅದೇ ಮಾತು ಕೇಳುತ್ತಾ ಇದ್ದೆ. ತಾಯಿ ಸುಮ್ಮನಿದ್ದಳು. ನಂಬಿಕೆ ನಡುಗಿತು ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಒಂದೆರಡು ಶುಕ್ರವಾರ ದೀಪ ಹಚ್ಚಿ ಕೈಮುಗಿಯದೆಯೇ ಎದ್ದು ಬಂದೆ.

ಜನವರಿ ಬಂತು. ಬನದ ಹುಣ್ಣಿಮೆಗೆ ನಾಲ್ಕು ದಿನ ಇತ್ತು. ಆ ದಿನ ಸಿಕ್ಕಷ್ಟು ಬಗೆಯ ಕಾಯಿಪಲ್ಯ ಮಾಡಿ ತಾಯಿಗೆ ನೈವೇದ್ಯ ಇಡುವುದು ನಮ್ಮಲ್ಲಿ ಪದ್ಧತಿ. ಹಬ್ಬಕ್ಕೆ ಮಗಳು ಉಡಲೆಂದು ಹಳೆಯ ಬ್ಲೌಸು ಹಾಕಿ ನೋಡಿದರೆ ಅದು ಅವಳ ಮೈಮೇಲೆ ಜೋತಾಡುತ್ತಿತ್ತು. ಬಿಗಿ ಮಾಡಿ ಕೊಡೋಣ ಎಂದು ಅವಳನ್ನು ಎಬ್ಬಿಸಿ ನನ್ನ ಎದುರಿಗೆ ನಿಲ್ಲಿಸಿದೆ. ನಡು ಮಧ್ಯಾಹ್ನ. ನಾನು ಮೊಣಕಾಲೂರಿ ಕೂತು, ಬಾಯಲ್ಲಿ ಟಾಚಣಿ ಪಿನ್ನು ಕಚ್ಚಿಕೊಂಡು, ಎರಡೂ ಬದಿಗೆ ಬಟ್ಟೆ ಹಿಡಿದು ಚುಚ್ಚಿದೆ. ಗುರುತು ತಪ್ಪಬಾರದೆಂದು ಒಂದು ಬದಿಗೆ ಸೀಮೆಸುಣ್ಣದಿಂದ "ಬ" ಎಂದು ಬರೆದೆ. ಬಲ ಎಂದು.

ಬರೆದ ಕೈ ಅಲ್ಲೇ ನಿಂತಿತು.

ನಾನು "ಬ" ಬರೆದದ್ದು ನನ್ನ ಎಡಗೈ ಕಡೆ. ಎದುರಿಗೆ ನಿಂತವಳ ಬಲಗಡೆ ನನ್ನ ಎಡಕ್ಕೆ ಬರುತ್ತದೆ. ಇದು ಹೊಲಿಗೆಯವರು ಮೊದಲ ದಿನ ಕಲಿಯುವ ಪಾಠ. ಬ್ಲೌಸಿನ ತೋಳಿಗೆ ಎಡ ಬಲ ಇದೆ, ತೊಡುವವರ ಎಡ ಬಲ, ಹೊಲಿಯುವವರದ್ದಲ್ಲ. ಹನ್ನೆರಡು ವರ್ಷದಲ್ಲಿ ನಾನು ಹೊಲಿದ ಒಂದು ಬ್ಲೌಸೂ ತೋಳು ಅದಲುಬದಲಾಗಿ ಉಲ್ಹಾಸನಗರದಿಂದ ವಾಪಸ್ಸು ಬಂದಿಲ್ಲ. ನಿದ್ದೆಗಣ್ಣಿನಲ್ಲೂ ತಪ್ಪದ ಕೈ ಇದು.

ಜೂನ್ ತಿಂಗಳಲ್ಲಿ ತಾಯಿ ನನ್ನ ಎದುರಿಗೆ, ನನ್ನ ಕಡೆ ಮುಖ ಮಾಡಿಯೇ ಕೂತಿದ್ದಳು. ನನ್ನ ಬಲಗಡೆಯ ಹೂ ಬಿತ್ತು. ಎಂದರೆ ತಾಯಿಯ ಎಡಗಡೆಯ ಹೂ; ಅತ್ತೆ ಯಾವಾಗಲೂ ನೋಡುತ್ತಿದ್ದದ್ದು ತಾಯಿಯ ಎಡ ಬಲವನ್ನೇ. ಬೇಡ ಎಂದಿದ್ದಳು. ಕೇಳಿದ ತಕ್ಷಣ, ಒಂದಿಷ್ಟೂ ಕಾಯಿಸದೆ, ಕಳಿಸಬೇಡ ಎಂದಿದ್ದಳು.

ಬಾಯಲ್ಲಿದ್ದ ಟಾಚಣಿಗಳನ್ನು ಅಂಗೈಗೆ ಉಗುಳಿ ನೆಲದ ಮೇಲೆ ಕೂತುಬಿಟ್ಟೆ.

"ಗಿರಿಜಾ, ಆ ಹೂವು... ತಾಯಿ ಎಡಗಡೆ ಬಿದ್ದಿತ್ತು."

ಅವಳು ತಲೆ ಬಗ್ಗಿಸಿ ಬ್ಲೌಸಿನ ಮೇಲಿನ "ಬ" ನೋಡಿಕೊಂಡಳು.

"ಆಕಿ ಬ್ಯಾಡ ಅಂದಿದ್ದಳವಾ. ನಾ ತಪ್ಪ ನೋಡಿದೆ."

"ನನಗ ಗೊತ್ತೈತಿ" ಎಂದಳು. "ನಾ ಹಿಂದನ ನಿಂತಿದ್ದೆ. ಅಜ್ಜಿ ಹೂ ಕೇಳೂದನ್ನ ಸಣ್ಣಾಕಿದ್ದಾಗಿಂದ ನೋಡೀನಿ. ತಾಯಿ ಬಲಗಡೆ ಯಾವುದು ಅಂತ ನನಗ ಗೊತ್ತಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳಲವಾ? ಹೂವು ಕಣ್ಣಿಗೆ ಒತಗೊಂಡು ನೀ ಅಷ್ಟು ಖುಷಿ ಆಗಿದ್ದಿ. ನಿನಗೂ ಗೊತ್ತಿತ್ತು, ಬೇಕಂತನ ಹಂಗ ಹೇಳಿದಿ ಅಂತ ತಿಳದಿದ್ದೆ. ದೇವರ ಮಾತನ್ನ ನೀ ಕೇಳಲಿಲ್ಲ, ನನ್ನ ಮಾತು ಕೇಳ್ತಿದ್ದೇನು?"

ಭಕ್ತ ಬಾಂಧವರೇ, ತಿಳಿಯದೆ ಆಯಿತು ಎಂದು ಹೇಳಲು ಬಾಯಿ ತೆರೆದೆ. ಎದುರಿಗೆ "ಬ" ಅಕ್ಷರ ಕಾಣುತ್ತಿತ್ತು. ಬಟ್ಟೆಯ ಮೇಲೆ ತಪ್ಪದ ಎಡ ಬಲ ದೇವಿಯ ಮುಂದೆ ಮಾತ್ರ ಹೇಗೆ ತಪ್ಪಿತು? ನನಗೆ ಬೇಕಾದ ಕಡೆ ಹೂ ಬಿತ್ತು, ಅದು ಯಾರ ಬಲಗಡೆ ಎಂದು ನಾನು ಕೇಳಿಕೊಳ್ಳಲಿಲ್ಲ. ಕುರ್ಚಿಯ ಆಸೆ ನನ್ನ ಕಣ್ಣು ಕಟ್ಟಿತ್ತು. "ಬೇಕಂತ ಮಾಡಲಿಲ್ಲವಾ. ಆದರ ನೋಡೂ ಮನಸೂ ಇರಲಿಲ್ಲ" ಎಂದು ಅವಳ ಕಾಲು ಹಿಡಿದುಕೊಂಡು ಅತ್ತೆ. ಮಗಳ ಕಾಲು ಹಿಡಿಯಬಾರದು ಎನ್ನುತ್ತಾರೆ. ನಾನು ಹಿಡಿದೆ.

ಆಗ ಗಿರಿಜಾ ಬೈಯಲು ಶುರು ಮಾಡಿದಳು. ಏಳು ತಿಂಗಳು ನುಂಗಿಕೊಂಡದ್ದನ್ನೆಲ್ಲ ಕನ್ನಡ, ಮರಾಠಿ, ಹಿಂದಿಯಲ್ಲಿ ಕಲಸಿ ಒದರಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿ ಹೋದರು. ಬೈದು ಬೈದು ಸುಸ್ತಾಗಿ ಗೋಡೆಗೆ ಒರಗಿ ಕೂತು "ಏನರ ತಿನ್ನಾಕ ಐತೇನು?" ಎಂದಳು. ನಾನು ಬಿದ್ದೆನೋ ಎದ್ದೆನೋ ಎಂದು ಅಡಿಗೆಮನೆಗೆ ಓಡಿ, ರೊಟ್ಟಿಯ ಮೇಲೆ ನನ್ನ ಪಾಲಿನ ಬದನೆಕಾಯಿ ಪಲ್ಯ ಹಾಕಿಕೊಟ್ಟೆ. ಒಂದು ತುತ್ತು ಬಾಯಿಗೆ ಇಟ್ಟವಳೇ ಮುಖ ಕಿವುಚಿದಳು.

"ಥೂ! ಇದರಾಗ ಉಪ್ಪ ಎಲ್ಲೈತಿ?"

ಎಷ್ಟು ತಿಂಗಳಾಗಿತ್ತು ಅವಳು ಊಟಕ್ಕೆ ಹೆಸರಿಟ್ಟು! ಉಪ್ಪಿನ ಡಬ್ಬಿ ತಂದು ಅವಳ ತಟ್ಟೆಗೂ ಹಾಕಿದೆ, ಒಂದು ಚಿಟಿಕೆ ನನ್ನ ನಾಲಿಗೆಗೂ ಇಟ್ಟುಕೊಂಡೆ. ಅವಳು ರೊಟ್ಟಿ ಮುಗಿಸಿ ಇನ್ನರ್ಧ ಕೇಳಿದಳು. ನನಗೆ ತಿಳಿಯುವ ಹಾಗೆ ಹೇಳು ಎಂದು ಆಸ್ಪತ್ರೆಯ ನಲ್ಲಿಯ ಹತ್ತಿರ ನಾನು ಕೇಳಿದ್ದೆ. ನನಗೆ ತಿಳಿಯುವುದು ಹೊಲಿಗೆಯೊಂದೇ. ತಾಯಿ ಅದರಲ್ಲೇ ಹೇಳಿದಳು.

ಬನದ ಹುಣ್ಣಿಮೆಯ ದಿನ ಮತ್ತೆ ಹೂ ಕೇಳಿದೆ. ಈ ಸಲ ತಾಯಿಯ ಎದುರಿಗೆ ಕೂಡಲಿಲ್ಲ. ಪಕ್ಕದಲ್ಲಿ, ಅವಳು ನೋಡುವ ಕಡೆಗೇ ಮುಖ ಮಾಡಿ ಕೂತೆ. ಮಗಳನ್ನು ದನಗಳ ಓದಿಗೆ ಕಳಿಸಲೇನು ಎಂದು ಗಂಡ, ಮಗಳು ಇಬ್ಬರಿಗೂ ಕೇಳುವಂತೆ ಕೇಳಿದೆ. ಬಹಳ ಹೊತ್ತು ಎರಡು ಹೂವೂ ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿಯಿತು. ನನ್ನ ಮೇಲೆ ತಾಯಿಗೆ ಇನ್ನೂ ಸಿಟ್ಟಿದೆ ಎಂದುಕೊಂಡೆ. ಆಮೇಲೆ ಬಲಗಡೆಯ ಹೂ ಮೆಲ್ಲಗೆ ಜಾರಿತು. ಆ ದಿನ ಅವಳ ಬಲಗಡೆಯೂ ನನ್ನ ಬಲಗಡೆಯೂ ಒಂದೇ ಆಗಿತ್ತು.

ಅಷ್ಟಕ್ಕೇ ಕಷ್ಟ ಮುಗಿಯಲಿಲ್ಲ. ಠಾಣೆಯ ಕಾಲೇಜಿನಿಂದ ಅಸಲು ಸರ್ಟಿಫಿಕೇಟು ಬಿಡಿಸಿಕೊಳ್ಳಲು ಐದು ಸಲ ಅಲೆದೆವು. ವರ್ಷ ಹಾಳಾಯಿತು ಎಂದು ಬಂಧುಗಳು ಆಡಿಕೊಂಡರು. ಜೂನಿನಲ್ಲಿ ಕಲ್ಯಾಣದಿಂದ ಎಸ್.ಟಿ. ಬಸ್ಸು ಹಿಡಿದು ಪನವೇಲ ದಾಟಿ ಸಂದರ್ಶನಕ್ಕೆ ಹೋದಾಗ ಸಾಲಿನಲ್ಲಿ ಎಲ್ಲ ಹುಡುಗರೇ. ಪಟ್ಟಿ ಹಚ್ಚಿದ ದಿನ ಇವಳ ಹೆಸರು ಇರಲಿಲ್ಲ. ಕೆಳಗೆ, ಯಾರಾದರೂ ಬಿಟ್ಟರೆ ಕರೆಯುತ್ತೇವೆ ಎಂಬ ಸಾಲಿನಲ್ಲಿ ಇತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನಿಂದಲೇ ಹೀಗಾಯಿತು, ಹೋದ ವರ್ಷ ಬಂದಿದ್ದರೆ ಸಿಗುತ್ತಿತ್ತೋ ಏನೋ ಎಂದು ಒಳಗೊಳಗೇ ಬೇಯುತ್ತಿದ್ದೆ. ಗಿರಿಜಾ ಚೀಲದಿಂದ ಚಪಾತಿ ತೆಗೆದು ತಿನ್ನುತ್ತಾ, "ಅಳಬ್ಯಾಡವಾ, ತಾಯಿ ಹೂಂ ಅಂದಾಳ" ಎಂದಳು. ಅವಳ ನಂಬಿಕೆ ನನ್ನದಕ್ಕಿಂತ ಗಟ್ಟಿ ಇತ್ತು. ಆಷಾಢದ ಒಂದು ಶುಕ್ರವಾರ ಪೋಸ್ಟಿನವನು ಕಾಲೇಜಿನ ಕಾಗದ ತಂದುಕೊಟ್ಟ. ಯಾರೋ ಒಬ್ಬ ಹುಡುಗ ಸೀಟು ಬಿಟ್ಟಿದ್ದ.

ಠಾಣೆಯ ಆರು ತಿಂಗಳ ಓದೂ ವ್ಯರ್ಥವಾಗಲಿಲ್ಲ. ಬಟ್ಟೆ ಚೂರಿನ ಆ ಪುಸ್ತಕವನ್ನು ಗಿರಿಜಾ ನನಗೆ ಬಿಟ್ಟುಹೋದಳು. ನಾನು ಅಕ್ಷರ ಅಕ್ಷರ ಕೂಡಿಸಿ ಓದಿ, ನಮ್ಮ ರಬಕವಿ ಸೀರೆಗಳ ದಡಿಯ ಬಣ್ಣಕ್ಕೆ ಹೊಂದುವ ಆರು ಬ್ಲೌಸು ಹೊಲಿದು ಒಂದು ಬುಧವಾರ ಉಲ್ಹಾಸನಗರಕ್ಕೆ ಒಯ್ದೆ. ಕನ್ನಡಕದ ಹೆಂಗಸು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕಾಲಿನಿಂದ ಒಂದು ಸ್ಟೂಲು ನನ್ನ ಕಡೆ ಸರಿಸಿ "ಬೈಠೋ ಬಾಯಿ" ಎಂದಳು. ಕೂತೆ. ಕುರ್ಚಿಯ ಆಸೆ ಇದ್ದದ್ದು ನನಗೆ, ಮಗಳಿಗಲ್ಲ ಎಂದು ಕೂತ ಮೇಲೆ ತಿಳಿಯಿತು.

ಈ ವರ್ಷ, 1989ರ ಜೂನಿನಲ್ಲಿ, ಗಿರಿಜಾಳ ಓದು ಮುಗಿದು ಕಲ್ಯಾಣದ ಹತ್ತಿರದ ಒಂದು ದನದ ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ. ಸೇರುವ ಹಿಂದಿನ ದಿನ ಅವಳಿಗೆ ಬಿಳಿ ಕೋಟು ಹೊಲಿದುಕೊಟ್ಟೆ. ಮೈ ತುಂಬಿಕೊಂಡಿದ್ದಾಳೆ, ಅಳತೆ ಪಟ್ಟಿ ಎರಡಿಂಚು ಹೆಚ್ಚೇ ಹಿಡಿಯಿತು. ಎದುರಿಗೆ ನಿಲ್ಲಿಸಿ ಜೇಬಿಗೆ ಗುರುತು ಮಾಡಲು ಸೀಮೆಸುಣ್ಣ ತೆಗೆದುಕೊಂಡೆ.

"ದೊಡ್ಡ ಜೇಬು ಯಾವ ಕಡೆ ಹಚ್ಚಲಿ?"

"ಬಲಗಡೆ."

ಸೀಮೆಸುಣ್ಣ ಹಿಡಿದ ಕೈ ಎತ್ತಿದ್ದವಳು ತಡೆದು ನಿಂತು ಕೇಳಿದೆ, "ಯಾರ ಬಲಗಡೆ?"

ಗಿರಿಜಾ ನಕ್ಕಳು. ನನ್ನ ಕೈ ಹಿಡಿದು ತನ್ನ ಬಲ ಸೊಂಟದ ಮೇಲೆ ಇಟ್ಟುಕೊಂಡು "ಇಲ್ಲಿ ಅವ್ವಾ, ನನ್ನ ಬಲಗಡೆ" ಎಂದಳು. ನಾನು ಅಲ್ಲೇ "ಬ" ಬರೆದೆ.

ತಾಯೀ, ಮಗಳನ್ನು ಉಳಿಸಿಕೊಟ್ಟೆ. ಸಾವಿರ ಸಲ ಕೈಮುಗಿಯುತ್ತೇನೆ. ಈಗ ನಿನ್ನ ಮುಂದೆ ಏನು ಕೇಳಲು ಕೂತರೂ ಮೊದಲು ಎದ್ದು ನಿನ್ನ ಪಕ್ಕಕ್ಕೆ ಬಂದು ಕೂಡುತ್ತೇನೆ. ಉತ್ತರ ಏನಿದ್ದರೂ ಅಲ್ಲಿಂದಲೇ ನೋಡುತ್ತೇನೆ.